ಮಲೆನಾಡಿಗೆ ಬೇಕಾದ ವಿಡಿಯೊಗ್ರಾಫರ್

(ಮೈಸೂರಿನಲ್ಲಿ ವಿದ್ಯಾರ್ಥಿಗಳಿಗಾಗಿ ನಡೆದ ವಿಡಿಯೊ ಚಿತ್ರೀಕರಣ ಶಿಬಿರದ ಸಮಾರೋಪದಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ಮೂರು ದಿನಗಳಿಂದ ನೀವು ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಹೆಜ್ಜಾರ್ಲೆಗಳಿಗಾಗಿ ಕಾದು ಕುಳಿತು ತೆಗೆದ ಚಿತ್ರಗಳನ್ನು ಈಗತಾನೆ ನೋಡಿ ಸಂತೋಷಪಟ್ಟೆ. ನಾನು ವೃತ್ತಿಯಿಂದ ಕೃಷಿ ವಿಜ್ಞಾನಿ. ಚಿತ್ರೀಕರಣವನ್ನು ಕ್ರಮವಾಗಿ ಕಲಿತವನಲ್ಲ. ಆದರೂ ಈ ಕಸುಬಿನ ಬಗ್ಗೆ ನಿಮ್ಮೆದುರು ಮಾತನಾಡಲು ಒಪ್ಪಿಕೊಂಡದ್ದಕ್ಕೆ ನಾನು ಹಿಂದೆ ಮಾಡಿದ ಒಂದು ತಪ್ಪೇ ಕಾರಣ. ಅದನ್ನು ಮೊದಲು ಹೇಳಿಬಿಡುತ್ತೇನೆ.

2004ರ ಮಳೆಗಾಲ. ಆಗ ನಾನು ಸ್ನಾತಕೋತ್ತರ ವಿದ್ಯಾರ್ಥಿ. ಗೆಳೆಯನೊಬ್ಬನ ಮಿನಿ ಡಿವಿ ಕ್ಯಾಮೆರಾ ಎರವಲು ಪಡೆದು ಊರಿಗೆ ಹೋಗಿದ್ದೆ. ಸುರಿಯುವ ಮಳೆಯನ್ನೇ ಚಿತ್ರೀಕರಿಸುತ್ತಿದ್ದವನನ್ನು ಕಂಡು ನೆರೆಮನೆಯ ಅಜ್ಜಿ ನಕ್ಕರು. "ಮಳೆ ಬರುವಾಗ ತೆಗೆದರೆ ಏನು ಕಾಣ್ತದೆ ತಮ್ಮಾ? ಮಳೆ ಬಿಟ್ಟು ಮೂರು ದಿನ ಕಳೆದು ಬಾ. ಆಗಲೂ ಎಲ್ಲಿ ಕೆಂಪು ನೀರು ಬರ್ತದೆ ನೋಡು" ಎಂದರು. ಹಾಗೆಯೇ ಮಾಡಿದೆ. ಮನೆಯ ಹಿಂದಿನ ಗುಡ್ಡದಲ್ಲಿ ಎರಡು ಕಡೆ ಜಲ ಕಲಕಿದ ಕೆಂಪು ಬಣ್ಣದಲ್ಲಿ ಹರಿಯುತ್ತಿತ್ತು. ಮೇಲ್ಭಾಗದ ಮರಗಳು ಇಳಿಜಾರಿನ ಕಡೆಗೆ ವಾಲಿದ್ದವು. ಎಲ್ಲವನ್ನೂ ಚಿತ್ರೀಕರಿಸಿದೆ. ಮುಂದಿನ ಬೇಸಿಗೆಯಲ್ಲಿ ಸೋದರಸಂಬಂಧಿಯೊಬ್ಬರ ಮದುವೆ ಬಂತು. ಹೊಸ ಕ್ಯಾಸೆಟ್ಟಿಗೆ ಹಣವಿರಲಿಲ್ಲ. ಅದೇ ಕ್ಯಾಸೆಟ್ಟಿನ ಮೇಲೆ ಮದುವೆಯನ್ನು ತುಂಬಿಸಿದೆ.

ಹದಿನೈದು ವರ್ಷಗಳ ನಂತರ, 2019ರ ಆಗಸ್ಟ್‌ನ ಮಹಾಮಳೆಯಲ್ಲಿ ಆ ಗುಡ್ಡದ ಒಂದು ಮಗ್ಗುಲು ಜಾರಿ ಅಜ್ಜಿಯ ಮನೆಯವರ ಅಡಿಕೆ ತೋಟದ ಮೇಲೆ ಬಿತ್ತು. ಪುಣ್ಯವಶಾತ್ ಜೀವಹಾನಿಯಾಗಲಿಲ್ಲ. ಗುಡ್ಡದ ಬುಡವನ್ನು ರಸ್ತೆಗಾಗಿ ಕಡಿದದ್ದೇ ಕಾರಣವೇ, ಜಲದ ದಾರಿ ಮೊದಲೇ ಸಡಿಲವಾಗಿತ್ತೇ ಎಂಬ ಪ್ರಶ್ನೆ ಎದ್ದಿತು. ಹಿಂದಿನ ಸ್ಥಿತಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ ಎಂದೆ. ಅದಕ್ಕೆ ದಾಖಲೆ ಏನಿದೆ ಎಂದು ಕೇಳಿದರು. ನನ್ನಲ್ಲಿದ್ದದ್ದು ಮದುವೆಯ ಓಲಗ ಮಾತ್ರ. ಅಜ್ಜಿ ಆ ವೇಳೆಗಾಗಲೇ ತೀರಿಕೊಂಡಿದ್ದರು.

ಬೆಟ್ಟ ಜಾರುವುದು ಮಲೆನಾಡಿಗರ ಪಾಡು ಮಾತ್ರ ಎಂದು ತಿಳಿಯಬೇಡಿ. 2018ರಲ್ಲಿ ಕೊಡಗಿನಲ್ಲಿ ಆದದ್ದು ನಿಮಗೆ ಗೊತ್ತು. 2021ರ ಅಕ್ಟೋಬರ್‌ನಲ್ಲಿ ಇಲ್ಲಿಯ ಚಾಮುಂಡಿ ಬೆಟ್ಟದ ನಂದಿಗೆ ಹೋಗುವ ರಸ್ತೆಯೇ ಕುಸಿಯಿತು. ಕುಸಿದ ಮೇಲೆ ನೂರು ಮೊಬೈಲುಗಳು ಚಿತ್ರ ತೆಗೆಯುತ್ತವೆ. ಕುಸಿಯುವ ಮುನ್ನ ಆ ಜಾಗ ಹೇಗಿತ್ತು ಎಂಬುದನ್ನು ತೆಗೆದಿಟ್ಟವರು ವಿರಳ. ಒಂದೇ ಜಾಗಕ್ಕೆ ಮತ್ತೆ ಮತ್ತೆ ಹೋಗುವವನು, ಕಾಯುವವನು, ತೆಗೆದದ್ದನ್ನು ಜೋಪಾನ ಮಾಡುವವನು ನನ್ನ ದೃಷ್ಟಿಯಲ್ಲಿ ನಿಜವಾದ ವಿಡಿಯೊಗ್ರಾಫರ್.

ಇದಕ್ಕೆ ನಿದರ್ಶನ ಹುಡುಕಿಕೊಂಡು ನೀವು ದೂರ ಹೋಗಬೇಕಿಲ್ಲ. ಇದೇ ಮೈಸೂರಿನ ಕೃಪಾಕರ-ಸೇನಾನಿ ಜೋಡಿ ಸ್ಥಿರಚಿತ್ರಗಳಿಂದ ಆರಂಭಿಸಿ ಚಲನಚಿತ್ರಕ್ಕೆ ಬಂದವರು. 1997ರ ಅಕ್ಟೋಬರ್‌ನಲ್ಲಿ ಬಂಡೀಪುರದ ಅಂಚಿನಲ್ಲಿದ್ದ ಅವರ ಮನೆಯಿಂದಲೇ ವೀರಪ್ಪನ್ ಅವರನ್ನು ಅಪಹರಿಸಿ ಹದಿನಾಲ್ಕು ದಿನ ಸೆರೆಯಲ್ಲಿಟ್ಟ. ಬಿಡುಗಡೆಯಾದ ಮೇಲೂ ಅವರು ಕಾಡು ಬಿಡಲಿಲ್ಲ. ಸೀಳುನಾಯಿಯನ್ನು ಕೊಂದವರಿಗೆ ಸರ್ಕಾರವೇ ಬಹುಮಾನ ಕೊಡುತ್ತಿದ್ದ ಕಾಲವೊಂದಿತ್ತು. ಅಂಥ ಪ್ರಾಣಿಯ ಸಂಸಾರವನ್ನು ಅವರು ವರ್ಷಗಟ್ಟಲೆ ಹಿಂಬಾಲಿಸಿ ಚಿತ್ರೀಕರಿಸಿದರು. ಆ ತಾಳ್ಮೆಯ ಫಲವಾದ 'ದಿ ಪ್ಯಾಕ್' 2010ರಲ್ಲಿ ಬ್ರಿಸ್ಟಲ್‌ನ ವೈಲ್ಡ್‌ಸ್ಕ್ರೀನ್ ಉತ್ಸವದಲ್ಲಿ 'ಗ್ರೀನ್ ಆಸ್ಕರ್' ಎಂದೇ ಹೆಸರಾದ ಪಾಂಡಾ ಪ್ರಶಸ್ತಿ ಪಡೆಯಿತು.

ಪ್ರಶಸ್ತಿಗಿಂತಲೂ ನನಗೆ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಕಾಡಿನಂಚಿನ ಹಳ್ಳಿಗಳ ಜನ ಸೌದೆಗಾಗಿ ಕಾಡನ್ನೇ ನೆಚ್ಚಿರುವುದನ್ನು ಅವರು ಕಂಡರು. ಅವರನ್ನು ದೂಷಿಸುತ್ತಾ ಕೂರದೆ 'ನಮ್ಮ ಸಂಘ' ಕಟ್ಟಿ, ಸಾವಿರಾರು ಕುಟುಂಬಗಳಿಗೆ ಅಡುಗೆ ಅನಿಲ ದೊರೆಯುವಂತೆ ಮಾಡಿದರು. ಒಂದು ಜಾಗವನ್ನು ಬಹುಕಾಲ ನೋಡಿದವರಿಗೆ ಅಲ್ಲಿಯ ಪ್ರಾಣಿಯ ಜೊತೆಗೆ ಅಲ್ಲಿಯ ಒಲೆಯೂ ಕಾಣಿಸುತ್ತದೆ.

ಇನ್ನು ನನ್ನ ಕ್ಷೇತ್ರಕ್ಕೆ ಬರುತ್ತೇನೆ. 1988ರಲ್ಲಿ ಪುತ್ತೂರಿನಿಂದ ಹೊರಟ 'ಅಡಿಕೆ ಪತ್ರಿಕೆ' ಕೃಷಿಕರ ಕೈಗೆ ಲೇಖನಿ ಕೊಟ್ಟಿತು. 2006ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ 'ಡಿಜಿಟಲ್ ಗ್ರೀನ್' ಎಂಬ ಪ್ರಯೋಗ ಸುತ್ತಲಿನ ಹಳ್ಳಿಗಳಲ್ಲಿ ರೈತರನ್ನೇ ಚಿತ್ರೀಕರಿಸಿ ರೈತರಿಗೇ ತೋರಿಸಿತು. ನೋಡಿದವರು ಮೊದಲು ಕೇಳುತ್ತಿದ್ದದ್ದು "ಅವನು ಯಾರು? ಯಾವ ಊರಿನವನು?" ಎಂದಂತೆ. ತಮ್ಮಂಥವನೇ ಮಾಡಿದ್ದಾನೆಂದು ತಿಳಿದರೆ ರೈತ ತಾನೂ ಮಾಡಿ ನೋಡುತ್ತಾನೆ. ಬೋರ್ಡೊ ದ್ರಾವಣದ ಉದಾಹರಣೆ ನೋಡಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಎಂದು ನಾವು ಕರಪತ್ರದಲ್ಲಿ ಬರೆಯುತ್ತೇವೆ. ಎರಡನ್ನೂ ಬೇರೆ ಬೇರೆ ಕದಡಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುವ ಕೈಯ ನಿಧಾನವನ್ನು ಬರೆಯುವುದು ಹೇಗೆ? ಹೊಳೆಯುವ ಚಾಕುವಿನ ಅಲಗನ್ನು ದ್ರಾವಣದಲ್ಲಿ ಅದ್ದಿ ತೆಗೆದಾಗ ಕೆಂಪಗೆ ತಾಮ್ರ ಅಂಟಿದ್ದರೆ ಸುಣ್ಣ ಸಾಲದು ಎಂದರ್ಥ. ಆ ಕೆಂಪನ್ನು ಹತ್ತು ಸೆಕೆಂಡು ಹತ್ತಿರದಿಂದ ತೋರಿಸಿದರೆ ಒಂದು ಪುಟದ ವಿವರಣೆ ಬೇಕಾಗುವುದಿಲ್ಲ.

ಮಲೆನಾಡಿನಲ್ಲಿ ಈ ಕಸುಬು ಮಾಡುವವರಿಗೆ ಕೆಲವು ಅನುಭವದ ಮಾತುಗಳು. ನಮ್ಮ ಮೊದಲ ಶತ್ರು ತೇವ. ಅಡಿಕೆಯ ಕೊಳೆರೋಗಕ್ಕೆ ಅನುಕೂಲವಾಗುವ ಅದೇ ತೇವದ ಹವೆಯಲ್ಲಿ ಮಸೂರದ ಮೇಲೆ ಬೂಷ್ಟು ಬೆಳೆಯುತ್ತದೆ, ಒಮ್ಮೆ ಬೇರುಬಿಟ್ಟರೆ ಗಾಜಿನ ಲೇಪವನ್ನೇ ಕೆಡಿಸುತ್ತದೆ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಂದಿಗೆ ಕ್ಯಾಮೆರಾ ಇಡಿ. ಪೊಟ್ಟಣಗಳನ್ನು ಆಗಾಗ ಬಿಸಿಮಾಡಿ ಒಣಗಿಸಿ. ಚಳಿಯಿಂದ ಒಲೆಯ ಬೆಚ್ಚಗಿನ ಮನೆಯೊಳಗೆ ಬಂದಾಗ ಚೀಲವನ್ನು ತಕ್ಷಣ ತೆರೆಯಬೇಡಿ. ಮಸೂರದ ಮೇಲೆ ಮಂಜು ಕೂರುತ್ತದೆ. ತೋಟದೊಳಗೆ ಎಲೆಗಳಿಂದ ಸೋಸಿ ಬರುವ ಬೆಳಕಿನಲ್ಲಿ ಮನುಷ್ಯರ ಮುಖವೂ ಹಸಿರಾಗಿ ಕಾಣುತ್ತದೆ. ಅಲ್ಲೇ ಬಿಳಿ ಕಾಗದ ಹಿಡಿದು ಬಣ್ಣ ಹೊಂದಿಸಿಕೊಳ್ಳಿ. ಮುಕ್ಕಾಲಿಯಿಲ್ಲದಿದ್ದರೆ ಕಲ್ಲಿಗೋ ಮರಕ್ಕೋ ಆನಿಸಿ ಹತ್ತು ಎಣಿಸುವವರೆಗೆ ಅಲುಗಾಡಿಸಬೇಡಿ. ಮೊದಲು ಇಡೀ ಗುಡ್ಡ, ಆಮೇಲೆ ತೋಟ, ಕೊನೆಗೆ ಬಿರುಕು. ಎಲ್ಲಿದ್ದೇವೆಂದು ನೋಡುವವನಿಗೆ ತಿಳಿಯುವುದು ಈ ಕ್ರಮದಲ್ಲಿ ತೋರಿಸಿದಾಗ.

ಹೊಟ್ಟೆಪಾಡಿನ ಮಾತನ್ನೂ ಆಡಬೇಕು. ಈ ಕಸುಬಿನಲ್ಲಿ ಬಹುಪಾಲು ಮಂದಿಗೆ ಅನ್ನ ಕೊಡುವುದು ಮದುವೆ, ಗೃಹಪ್ರವೇಶಗಳು. ಅದರಲ್ಲಿ ಕೀಳೇನೂ ಇಲ್ಲ. ಗದ್ದಲದ ನಡುವೆ ಧಾರೆಯ ಕ್ಷಣವನ್ನು ತಪ್ಪದೆ ಹಿಡಿಯಬಲ್ಲವನಿಗೆ ಕಾಡಿನಲ್ಲೂ ಕೈ ನಡುಗುವುದಿಲ್ಲ. ಆಷಾಢದಲ್ಲಿ ನಮ್ಮಲ್ಲಿ ಮದುವೆಗಳಿಲ್ಲ. ವಿಡಿಯೊಗ್ರಾಫರನಿಗೆ ಬಿಡುವು ಸಿಗುವ ಆ ದಿನಗಳಲ್ಲೇ ನಮ್ಮ ಗುಡ್ಡ, ಹಳ್ಳಗಳಲ್ಲಿ ದಾಖಲಿಸಬೇಕಾದ ಎಲ್ಲವೂ ನಡೆಯುತ್ತಿರುತ್ತದೆ. ಬೇಸಿಗೆ ಬದುಕಿಗಿರಲಿ, ಮಳೆಗಾಲದ ಕೆಲವು ದಿನಗಳು ಊರಿಗಿರಲಿ.

ಒಂದು ಎಚ್ಚರಿಕೆ. ಗೂಡಿನ ಬಳಿ ಹೋಗಿ ಹಕ್ಕಿಯನ್ನು ಎಬ್ಬಿಸಿ ಚಿತ್ರ ತೆಗೆಯಬೇಡಿ. ರಕ್ಷಿತಾರಣ್ಯದಲ್ಲಿ ಅನುಮತಿಯಿಲ್ಲದೆ ಚಿತ್ರೀಕರಿಸಬೇಡಿ. ಮನೆ ಕಳೆದುಕೊಂಡು ಅಳುತ್ತಿರುವವರ ಮುಖಕ್ಕೆ ಕ್ಯಾಮೆರಾ ಹಿಡಿಯುವ ಮುನ್ನ ಅವರ ಒಪ್ಪಿಗೆ ಕೇಳಿ. ಬೇಡವೆಂದರೆ ಇಳಿಸಿಬಿಡಿ.

ಕೊನೆಯದಾಗಿ ಒಂದು ಕೋರಿಕೆ. ನಿಮ್ಮಲ್ಲಿ ಮಲೆನಾಡಿನ ಹಳ್ಳಿಗಳಿಂದ ಬಂದವರು ಅನೇಕರಿದ್ದೀರಿ. ಊರಿಗೆ ಹೋದಾಗ ಒಂದು ಗುಡ್ಡ, ಒಂದು ಹಳ್ಳ, ಒಂದು ಜಲವನ್ನು ಆರಿಸಿಕೊಳ್ಳಿ. ನಿಲ್ಲುವ ಜಾಗಕ್ಕೆ ಒಂದು ಕಲ್ಲನ್ನು ಗುರುತು ಮಾಡಿ. ಪ್ರತಿ ವರ್ಷ ಮೃಗಶಿರ ಮಳೆಯ ಆರಂಭದಲ್ಲಿ ಒಮ್ಮೆ, ಆಶ್ಲೇಷ ಮಳೆ ಬಿಟ್ಟ ಮೂರನೆಯ ದಿನ ಒಮ್ಮೆ, ಸ್ವಾತಿ ಮುಗಿದ ಮೇಲೆ ಒಮ್ಮೆ ಅದೇ ಕಲ್ಲಿನ ಮೇಲೆ ನಿಂತು ಅದೇ ದಿಕ್ಕಿಗೆ ಐದು ನಿಮಿಷ ಚಿತ್ರೀಕರಿಸಿ. ಜಡಿಮಳೆಯಲ್ಲಿ ಗುಡ್ಡದ ಬುಡಕ್ಕೆ ಹೋಗಬೇಡಿ. ದೂರದ, ಗಟ್ಟಿ ನೆಲವನ್ನೇ ಆರಿಸಿಕೊಳ್ಳಿ. ದಿನಾಂಕವನ್ನೂ ಸ್ಥಳವನ್ನೂ ಬಾಯಲ್ಲಿ ಹೇಳಿ ದಾಖಲಿಸಿ. ಊರಿನ ಹಿರಿಯರೊಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಈ ವರ್ಷ ಏನು ಬದಲಾಗಿದೆಯೆಂದು ಕೇಳಿ. ಎರಡು ಪ್ರತಿ ಮಾಡಿ ಎರಡು ಮನೆಗಳಲ್ಲಿಡಿ.

ನಾನು 2020ರಿಂದ ಇದನ್ನು ಮಾಡುತ್ತಿದ್ದೇನೆ. ಅಜ್ಜಿಯ ಮೊಮ್ಮಗ ಜೊತೆಗೆ ಬರುತ್ತಾನೆ. ಜಾರಿದ ಮಗ್ಗುಲಿನ ಪಕ್ಕದಲ್ಲೇ ಉಳಿದಿರುವ ಇನ್ನೊಂದು ಜಲ ಈವರೆಗೆ ತಿಳಿಯಾಗಿ ಹರಿಯುತ್ತಿದೆ. ಅದರ ಕೆಳಗೆ ನಾಲ್ಕು ಮನೆಗಳಿವೆ. ಅದು ಕೆಂಪಾದ ದಿನ ಆ ಮನೆಯವರಿಗೆ ತೋರಿಸಲು ಈ ಸಲ ನಮ್ಮ ಕೈಯಲ್ಲಿ ಚಿತ್ರವಿರುತ್ತದೆ.