ಪರದೇಶದ ದಾಖಲೆಯಲ್ಲಿ ಸಿಕ್ಕ ಲೆಕ್ಕ



ಕಾನೂನು ನಿಷೇಧಿಸಿದ ಗರ್ಭಪಾತವನ್ನು ಎಣಿಸುವುದು ಹೇಗೆ? ಮಾಡಿಸಿಕೊಂಡವಳು ಬಾಯಿಬಿಡುವುದಿಲ್ಲ, ಮಾಡಿದವರು ಬರೆದಿಡುವುದಿಲ್ಲ. ಈ ಪ್ರಶ್ನೆಗೆ ಐರ್ಲೆಂಡಿನಷ್ಟು ಸ್ಪಷ್ಟ ಪಾಠ ಅಪರೂಪ. ಆ ದೇಶದ ಕಾನೂನಿಗೂ ನಮಗೂ ನೋವಿನ ನಂಟಿದೆ. ಬೆಳಗಾವಿಯ ದಂತವೈದ್ಯೆ ಸವಿತಾ ಹಾಲಪ್ಪನವರ್ ಅವರ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾದ ಮೇಲೂ ಅವರು ಕೇಳಿದ ಗರ್ಭಪಾತ ಸಿಗಲಿಲ್ಲ. ಸೋಂಕು ಮೈಗೆಲ್ಲ ಹರಡಿ, 2012ರ ಅಕ್ಟೋಬರ್ 28ರಂದು ಗಾಲ್ವೇಯಲ್ಲಿ ತೀರಿಕೊಂಡರು.

1983ರ ಸಂವಿಧಾನ ತಿದ್ದುಪಡಿ ಭ್ರೂಣದ ಜೀವವನ್ನು ತಾಯಿಯ ಜೀವಕ್ಕೆ ಸಮ ಮಾಡಿತ್ತು. ಹೀಗಾಗಿ ಗರ್ಭಪಾತಕ್ಕೆಂದು ಹೆಣ್ಣುಮಕ್ಕಳು ಸಮುದ್ರ ದಾಟಿ ಇಂಗ್ಲೆಂಡಿಗೆ ಹೋಗುತ್ತಿದ್ದರು. ಅಲ್ಲಿನ ಕ್ಲಿನಿಕ್ಕುಗಳು ಪ್ರತಿಯೊಬ್ಬರ ವಿಳಾಸ ಬರೆದುಕೊಳ್ಳುತ್ತವೆ. 2001ರಲ್ಲಿ ಐರ್ಲೆಂಡಿನ ವಿಳಾಸ ಕೊಟ್ಟವರು 6,673. ಲಂಡನ್ನಿನ ಗೆಳತಿಯ ಮನೆ ವಿಳಾಸ ಕೊಟ್ಟವರು ಇದರಲ್ಲಿ ಸೇರುವುದಿಲ್ಲ. ಆದ್ದರಿಂದ ಇದು ಕನಿಷ್ಠ ಸಂಖ್ಯೆ ಮಾತ್ರ.

2018ರ ಹೊತ್ತಿಗೆ ಆ ಸಂಖ್ಯೆ 2,879ಕ್ಕೆ ಇಳಿಯಿತು. ಗರ್ಭಪಾತವೇ ಅಷ್ಟು ಕಡಿಮೆಯಾಯಿತು ಎನ್ನಲು ಬರುವುದಿಲ್ಲ. ಅಷ್ಟರಲ್ಲಿ ಗರ್ಭಪಾತದ ಮಾತ್ರೆಗಳು ಅಂಚೆಯಲ್ಲಿ ಬರತೊಡಗಿದ್ದವು. 2010ರಿಂದ 2015ರ ನಡುವೆ ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡಿನ 5,650 ಮಹಿಳೆಯರು 'ವಿಮೆನ್ ಆನ್ ವೆಬ್' ಎಂಬ ಒಂದೇ ಸಂಸ್ಥೆಯನ್ನು ಮಾತ್ರೆಗಾಗಿ ಕೇಳಿಕೊಂಡರು. ಕೇಳಿದವರೆಲ್ಲ ನುಂಗಿದರೆಂದಲ್ಲ, ಆದರೆ ನುಂಗಿದವರು ಯಾವ ಕ್ಲಿನಿಕ್ಕಿನ ಲೆಕ್ಕಕ್ಕೂ ಸಿಗಲಿಲ್ಲ.

2018ರ ಮೇ 25ರ ಜನಮತದಲ್ಲಿ ಶೇ. 66.4ರಷ್ಟು ಮತದಾರರು ಆ ತಿದ್ದುಪಡಿಯನ್ನು ತೆಗೆದುಹಾಕಿದರು. ಸೇವೆ ಕಾನೂನುಬದ್ಧವಾದ ಮೊದಲ ವರ್ಷ, 2019ರಲ್ಲಿ, ದಾಖಲಾದ ಗರ್ಭಪಾತಗಳು 6,666. ಇದನ್ನು ಹಿಂದಿನ ವರ್ಷದ 2,879ರ ಪಕ್ಕದಲ್ಲಿಟ್ಟು, ಗರ್ಭಪಾತ ಇಮ್ಮಡಿ ಮೀರಿತೆಂದು ಹುಯಿಲೆಬ್ಬಿಸುವುದು ತಪ್ಪು. ಮೊದಲಿನದು ಇಂಗ್ಲೆಂಡಿಗೆ ಹೋದವರ ಲೆಕ್ಕ, ಎರಡನೆಯದು ಮನೆಯಂಗಳದ ಲೆಕ್ಕ.

ಹೀಗೆ ಹೋಗಿ ಬರಲು ಪಕ್ಕದ ದೇಶವಿಲ್ಲದ ಕಡೆ ಎಣಿಸುವ ದಾರಿ ಇನ್ನೂ ಕಠಿಣ. ಅಮೆರಿಕದ ಗಟ್‌ಮ್ಯಾಕರ್ ಸಂಸ್ಥೆಯ ಸಂಶೋಧಕರು ಅಂಥ ಕಡೆ ಗರ್ಭಪಾತದ ತೊಡಕಾಗಿ ಆಸ್ಪತ್ರೆಗೆ ಬಂದವರನ್ನು ಎಣಿಸಿ, ತಾನಾಗಿ ಗರ್ಭ ಹೋದವರನ್ನು ಕಳೆದು, ಆಸ್ಪತ್ರೆಗೆ ಬಾರದವರ ಅಂದಾಜಿನಿಂದ ಗುಣಿಸುತ್ತಾರೆ. ಮಾತ್ರೆ ಸುರಕ್ಷಿತವಾದಷ್ಟೂ ಆಸ್ಪತ್ರೆಗೆ ಬರುವವರು ಕಡಿಮೆ. ಆ ಗುಣಕವನ್ನು ಮತ್ತೆ ಮತ್ತೆ ತಿದ್ದಬೇಕು.

ಈ ಎಣಿಕೆ ಏಕೆ ಮುಖ್ಯವೆಂದರೆ, ಸೊನ್ನೆ ಎಂದು ಬರೆದ ಕಡೆಗೆ ಔಷಧ, ರಕ್ತ, ತರಬೇತಿ ಪಡೆದ ದಾದಿ, ಯಾವುದೂ ಹೋಗುವುದಿಲ್ಲ. ಆದ್ದರಿಂದ ಯಾರಾದರೂ ಚಿಕ್ಕ ಸಂಖ್ಯೆ ತೋರಿಸಿ 'ನಿಷೇಧ ಫಲಿಸಿತು' ಎಂದಾಗ, ದಯವಿಟ್ಟು ಕೇಳಿ: ಉಳಿದವರು ಎಲ್ಲಿಗೆ ಹೋದರು, ಅವರನ್ನು ಎಣಿಸಿದವರು ಯಾರು?