ಮುಖ ಸಾಕು, ಬೆರಳು ತೋರಿಸ್ರೀ!

ಕುರ್ಚಿ ಕಿತ್ತಾಟಕ್ಕೆ ಇವತ್ತೊಂದು ದಿನ ರಜೆ. ಇವತ್ತು ನಾನು ಮಾತಾಡ್ತಿರೋದು ಒಂದು ಗಿಟಾರ್ ಬಗ್ಗೆ. ನ್ಯೂಸ್ ಚಾನೆಲ್‌ನಲ್ಲಿ ಗಿಟಾರ್ ಏನ್ರೀ ಅಂತ ರಿಮೋಟ್ ಹುಡುಕಬೇಡಿ, ಸ್ವಲ್ಪ ಹೊತ್ತು ಕೊಡಿ. ಇದು ಗಿಟಾರಿನ ವಿಷಯ ಎಷ್ಟೋ, ಕ್ಯಾಮೆರಾ ವಿಷಯವೂ ಅಷ್ಟೇ. ಕ್ಯಾಮೆರಾ ಅಂದಮೇಲೆ ನಿಮ್ಮ ಮನೆಯ ಟಿವಿಯ ವಿಷಯ, ನಿಮ್ಮ ಜೇಬಿನ ಮೊಬೈಲ್ ವಿಷಯ.

ಡೇವಿಡ್ ಗಿಲ್ಮೋರ್. ಪಿಂಕ್ ಫ್ಲಾಯ್ಡ್ ಅನ್ನೋ ಇಂಗ್ಲೆಂಡಿನ ರಾಕ್ ತಂಡದ ಗಿಟಾರ್ ವಾದಕ. ಹುಟ್ಟಿದ್ದು 1946ರಲ್ಲಿ. ಬೆಂಗಳೂರಿನ ಇಂಜಿನಿಯರಿಂಗ್ ಕಾಲೇಜು ಹಾಸ್ಟೆಲ್‌ಗಳಲ್ಲಿ ಓದಿದವರಿಗೆ ಈ ಹೆಸರು ಹೊಸದಲ್ಲ. ಪಕ್ಕದ ರೂಮಿನಿಂದ ರಾತ್ರಿ ಎರಡು ಗಂಟೆಗೆ ಕೇಳಿಸ್ತಿದ್ದ ಗಿಟಾರ್ ಇವರದ್ದೇ ಆಗಿರ್ತಿತ್ತು. 2025ರಲ್ಲಿ ಇವರಿಗೆ ಸಂಬಂಧಪಟ್ಟ ಎರಡು ಸಿನಿಮಾ ಬಂದವು. ಒಂದು, 1971ರಲ್ಲಿ ಇಟಲಿಯ ಪಾಂಪೇ ಅನ್ನೋ ಹಾಳೂರಿನಲ್ಲಿ ಪಿಂಕ್ ಫ್ಲಾಯ್ಡ್ ತಂಡ ನುಡಿಸಿದ್ದ ಹಳೇ ಚಿತ್ರ, ತೊಳೆದು ಒರೆಸಿ 4ಕೆಯಲ್ಲಿ ಬಿಟ್ಟಿದ್ದು. ಇನ್ನೊಂದು, ರೋಮ್ ನಗರದ ಸರ್ಕಸ್ ಮ್ಯಾಕ್ಸಿಮಸ್ ಮೈದಾನದಲ್ಲಿ 2024ರಲ್ಲಿ ಗಿಲ್ಮೋರ್ ನಡೆಸಿದ ಕಾನ್ಸರ್ಟ್‌ನ ಚಿತ್ರ. ಅದರ ಜೊತೆಗೇ ಅಭಿಮಾನಿಗಳ ಜಗಳವೂ ಮತ್ತೆ ಶುರುವಾಯ್ತು. ನಮ್ಮಲ್ಲಿ ಸ್ಟಾರ್ ಸಿನಿಮಾ ಬಿಡುಗಡೆ ದಿನ ಥಿಯೇಟರ್ ಮುಂದೆ ಆಗುತ್ತಲ್ಲ, ಅದೇ ಜಗಳ. ಪಟಾಕಿ ಇಲ್ಲ ಅಷ್ಟೇ.

ಜಗಳ ಏನು ಅಂತ ತಿಳಿಯೋಕೆ ಪಾಂಪೇ ಕಥೆ ಗೊತ್ತಿರಬೇಕು. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಬೂದಿಯಲ್ಲಿ ಮುಚ್ಚಿಹೋದ ಊರು ಅದು. ಅಲ್ಲೊಂದು ರೋಮನ್ನರ ಕಾಲದ ಬಯಲು ಅಖಾಡ ಇದೆ. ಏಡ್ರಿಯನ್ ಮೇಬೆನ್ ಅನ್ನೋ ನಿರ್ದೇಶಕರು 1971ರ ಅಕ್ಟೋಬರ್‌ನಲ್ಲಿ ಪಿಂಕ್ ಫ್ಲಾಯ್ಡ್ ತಂಡವನ್ನು ಅಲ್ಲಿಗೆ ಕರೆತಂದರು. ಪ್ರೇಕ್ಷಕರೇ ಇಲ್ಲ! ಖಾಲಿ ಕಲ್ಲಿನ ಮೆಟ್ಟಿಲು, ನಾಲ್ಕು ಜನ ವಾದಕರು, ಕ್ಯಾಮೆರಾ. ಕರೆಂಟ್ ಸಾಲದೆ ಮೊದಲ ದಿನಗಳು ವ್ಯರ್ಥವಾದವು, ಊರೊಳಗಿಂದ ಕೇಬಲ್ ಎಳೆದು ತಂದರು. ಉಳಿದ ಕೆಲವು ಭಾಗಗಳನ್ನು ಆಮೇಲೆ ಪ್ಯಾರಿಸ್ ಸ್ಟುಡಿಯೋದಲ್ಲಿ ತೆಗೆದು ಸೇರಿಸಿದರು.

ಅದಾಗಿ 45 ವರ್ಷಕ್ಕೆ, 2016ರ ಜುಲೈ 7 ಮತ್ತು 8ರಂದು, ಗಿಲ್ಮೋರ್ ಅದೇ ಅಖಾಡಕ್ಕೆ ವಾಪಸ್ ಹೋದರು. ಈ ಸಲ ತಮ್ಮ ಸ್ವಂತ ತಂಡದ ಜೊತೆ, ಮುಂದೆ ಜನ ಇಟ್ಟುಕೊಂಡು. ವಯಸ್ಸು 70. ಅದರ ಸಿನಿಮಾ 2017ರ ಸೆಪ್ಟೆಂಬರ್‌ನಲ್ಲಿ ಬಂತು. ಅಲ್ಲಿಂದ ಅಭಿಮಾನಿಗಳಲ್ಲಿ ಬಣಗಳು.

ಮೊದಲನೇ ಬಣದ ದೂರು ಹಾಡಿನ ಪಟ್ಟಿಯ ಮೇಲೆ. ‘ಎಕೋಸ್’ ಯಾಕೆ ನುಡಿಸಲಿಲ್ಲ? 1971ರ ಚಿತ್ರ ಶುರುವಾಗೋದು, ಮುಗಿಯೋದು ಎರಡೂ ಅದೇ ಹಾಡಿನಿಂದ. ಅದೇ ಜಾಗಕ್ಕೆ ಹೋಗಿ ಅದನ್ನೇ ಬಿಡೋದಾ? ಹಳೇ ಚಿತ್ರದಿಂದ 2016ಕ್ಕೆ ಬಂದಿದ್ದು ‘ಒನ್ ಆಫ್ ದೀಸ್ ಡೇಸ್’ ಒಂದೇ. ಮದುವೆ ಊಟಕ್ಕೆ ಕರೆದು ಹೋಳಿಗೆ ಬಡಿಸಲಿಲ್ಲ ಅನ್ನೋ ಸಿಟ್ಟು.

ಎರಡನೇ ಬಣ ಇದಕ್ಕೆ ಉತ್ತರ ಕೊಡುತ್ತೆ. ‘ಎಕೋಸ್’ ಒಬ್ಬರ ಹಾಡಲ್ಲ ಸ್ವಾಮಿ, ಗಿಲ್ಮೋರ್ ಜೊತೆ ದನಿಗೆ ದನಿ ಸೇರಿಸಿ ಹಾಡ್ತಿದ್ದ, ಕೀಬೋರ್ಡ್ ನುಡಿಸ್ತಿದ್ದ ರಿಚರ್ಡ್ ರೈಟ್ 2008ರ ಸೆಪ್ಟೆಂಬರ್ 15ರಂದು ತೀರಿಕೊಂಡರು. ಅವರಿಲ್ಲದೆ ಅದನ್ನು ನುಡಿಸೋದಿಲ್ಲ ಅಂತ ಗಿಲ್ಮೋರ್ ಹೇಳಿಬಿಟ್ಟಿದ್ದಾರೆ. ಈ ಬಣದವರು ಇನ್ನೊಂದು ಡಿಸ್ಕ್ ತೆಗೆದು ತೋರಿಸ್ತಾರೆ: 2006ರ ಆಗಸ್ಟ್ 26ರಂದು ಪೋಲೆಂಡಿನ ಗ್ಡಾನ್ಸ್ಕ್ ಹಡಗುಕಟ್ಟೆಯಲ್ಲಿ ನಡೆದ ಕಾನ್ಸರ್ಟ್. ಅಲ್ಲಿನ ಕಾರ್ಮಿಕರ ಸಾಲಿಡಾರಿಟಿ ಚಳವಳಿಯ ನೆನಪಿಗೆ ನಡೆದಿದ್ದು. ಅದರಲ್ಲಿ ರೈಟ್ ಇದ್ದಾರೆ, ‘ಎಕೋಸ್’ ಇದೆ. ಆ ಡಿಸ್ಕ್ ಅಂಗಡಿಗೆ ಬಂದಿದ್ದು ರೈಟ್ ತೀರಿಕೊಂಡು ಒಂದು ವಾರಕ್ಕೆ ಸರಿಯಾಗಿ. ಮನುಷ್ಯ ಹೋದರು, ಕೈ ಉಳೀತು. ಯಾಕೆ? ಅವತ್ತು ಯಾರೋ ಕ್ಯಾಮೆರಾ ಇಟ್ಟಿದ್ದರು.

ಮೂರನೇ ಬಣದ್ದು ತಾಂತ್ರಿಕ ತಕರಾರು. ಇದು ನಿಜವಾದ ಲೈವಾ? ಆಮೇಲೆ ಸ್ಟುಡಿಯೋದಲ್ಲಿ ಕೂತು ತೇಪೆ ಹಾಕಿದ್ದಾ? ಇಂಜಿನಿಯರಿಂಗ್ ಓದಿದವನಾಗಿ ಎರಡು ಮಾತು ಹೇಳಿಬಿಡ್ತೀನಿ. ದೊಡ್ಡ ಕಾನ್ಸರ್ಟ್‌ನಲ್ಲಿ ಒಂದೊಂದು ವಾದ್ಯಕ್ಕೂ, ಒಂದೊಂದು ದನಿಗೂ ಬೇರೆ ಬೇರೆ ಟ್ರ್ಯಾಕ್ ಇರುತ್ತೆ. ಡ್ರಮ್‌ಗೇ ಹತ್ತಾರು ಮೈಕು. ಆಮೇಲೆ ಅವನ್ನೆಲ್ಲ ಹದವಾಗಿ ಬೆರೆಸ್ತಾರೆ. ಎರಡು ರಾತ್ರಿ ನುಡಿಸಿದ್ದರೆ ಎರಡರಲ್ಲಿ ಒಳ್ಳೇದನ್ನು ಆರಿಸಬಹುದು. ದನಿ ತಪ್ಪಿದ ಕಡೆ ಮತ್ತೆ ಹಾಡಿಸಿ ಕೂರಿಸಲೂಬಹುದು. ಹಾಗಾಗಿ ಈ ಬಣದವರ ಅನುಮಾನ ಯಾವ ಲೈವ್ ಡಿಸ್ಕ್ ಮೇಲಾದರೂ ಹುಟ್ಟೋಕೆ ಜಾಗ ಇದೆ. ಆದರೆ ಗಿಲ್ಮೋರ್ ದನಿ ವಯಸ್ಸಿಗೆ ಸ್ವಲ್ಪ ಒಡೆದಿದೆ ಅಂತ ಬೈಯೋರೂ ಇದೇ ಬಣದಲ್ಲಿದ್ದಾರೆ. ತೇಪೆ ಹಾಕಿದರೂ ಬೈಗುಳ, ಹಾಕದಿದ್ದರೂ ಬೈಗುಳ! ಎಪ್ಪತ್ತರ ಮನುಷ್ಯನ ದನಿ ಎಪ್ಪತ್ತರ ಥರ ಕೇಳಿದರೆ ಅದಕ್ಕಿಂತ ದೊಡ್ಡ ಪ್ರಾಮಾಣಿಕತೆ ಬೇಕಾ?

ಇನ್ನು ನಾಲ್ಕನೇ ಬಣ. ನಾನು ಇವತ್ತು ಈ ವಿಷಯ ಎತ್ತಿಕೊಂಡಿದ್ದೇ ಇವರಿಗೋಸ್ಕರ. ಇವರ ದೂರು ಒಂದೇ ಸಾಲಿನದು. ಸೋಲೋ ನಡೀತಿರುವಾಗ ಕ್ಯಾಮೆರಾ ಬೆರಳು ಬಿಟ್ಟು ಓಡಿಹೋಗುತ್ತೆ. ಲೈಟು ತೋರಿಸುತ್ತೆ, ಹೊಗೆ ತೋರಿಸುತ್ತೆ, ಕಣ್ಣು ಮುಚ್ಚಿಕೊಂಡ ಪ್ರೇಕ್ಷಕರನ್ನು ತೋರಿಸುತ್ತೆ, ಆಕಾಶದಿಂದ ಇಡೀ ಮೈದಾನ ತೋರಿಸುತ್ತೆ. ಕೈ ತೋರಿಸಲ್ಲ.

ಬೆಂಗಳೂರಿನ ಗಿಟಾರ್ ಹುಡುಗರು ಮಾತ್ರ ಹೀಗೆ ಹೇಳ್ತಾರೆ ಅಂದುಕೊಂಡಿದ್ದೆ. ಆದರೆ ಇದೇ ಮಾತು ನನಗೆ ಬಂದಿದ್ದು ನೆಲಮಂಗಲ ತಾಲ್ಲೂಕಿನ ಸೋಂಪುರದಿಂದ. ದಾಬಸ್‌ಪೇಟೆ ಪಕ್ಕ, ತುಮಕೂರು ಹೈವೇ, ಶಿವಗಂಗೆ ಬೆಟ್ಟ ಕಾಣುತ್ತೆ, ಸುತ್ತ ಕಾರ್ಖಾನೆ ಶೆಡ್ಡುಗಳು. ಅಲ್ಲಿ ಶಿಫ್ಟ್ ಕೆಲಸ ಮಾಡೋ ಹುಡುಗ. ಗಣೇಶನ ಹಬ್ಬ, ಊರ ಹಬ್ಬ, ರಾಜ್ಯೋತ್ಸವ ಬಂದರೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸ್ತಾನೆ. ಅವನ ಮೆಸೇಜು ಇಷ್ಟೇ: “ಸರ್, ನನಗೆ ಮೇಷ್ಟ್ರಿಲ್ಲ. ಈ ಕಾನ್ಸರ್ಟ್ ವಿಡಿಯೋನೇ ಮೇಷ್ಟ್ರು. ಕಲಿಯೋ ಜಾಗ ಬಂದಾಗ್ಲೇ ಕ್ಯಾಮೆರಾದೋರು ಬೇರೆ ಕಡೆ ತಿರುಗ್ತಾರೆ. ಯಾಕ್ ಸರ್ ಹಿಂಗೆ?”

ಕಿವಿಯಿಂದ ಕೇಳಿ ಕಲಿಯಪ್ಪಾ ಅನ್ನಬಹುದು. ಆಗಲ್ಲ, ವೀಕ್ಷಕರೇ. ಕಾರಣ ಹೇಳ್ತೀನಿ. ಗಿಟಾರಿನಲ್ಲಿ ಆರು ತಂತಿ. ವೀಣೆಗೆ ಮೆಟ್ಟಿಲು ಇದ್ದ ಹಾಗೆ ಅದಕ್ಕೆ ಫ್ರೆಟ್. ಅತೀ ಸಣ್ಣ ತಂತಿಯನ್ನು ಏನೂ ಒತ್ತದೆ ಮೀಟಿದರೆ ಒಂದು ಸ್ವರ ಬರುತ್ತಲ್ಲ, ಅದೇ ಸ್ವರ ಎರಡನೇ ತಂತಿಯ 5ನೇ ಫ್ರೆಟ್‌ನಲ್ಲೂ ಸಿಗುತ್ತೆ, ಮೂರನೇ ತಂತಿಯ 9ರಲ್ಲೂ ಸಿಗುತ್ತೆ, ನಾಲ್ಕನೇ ತಂತಿಯ 14ರಲ್ಲೂ ಸಿಗುತ್ತೆ. ಸ್ವರ ಒಂದೇ, ಮನೆ ಹಲವು. ಯಾವ ಮನೆಯಲ್ಲಿ ನುಡಿಸಿದರು ಅನ್ನೋದರ ಮೇಲೆ ಮುಂದಿನ ಸ್ವರಕ್ಕೆ ಬೆರಳು ತಲುಪುತ್ತೋ ಇಲ್ಲವೋ ತೀರ್ಮಾನ ಆಗುತ್ತೆ. ಇನ್ನು ಗಿಲ್ಮೋರ್ ಹೆಸರಾಗಿರೋದೇ ತಂತಿ ಎಳೆಯೋದಕ್ಕೆ. ಒತ್ತಿದ ತಂತಿಯನ್ನು ಪಕ್ಕಕ್ಕೆ ಎಳೆದು ಸ್ವರವನ್ನು ನಿಧಾನಕ್ಕೆ ಮೇಲೇರಿಸೋದು. ನಮ್ಮ ವೈಣಿಕರು ಗಮಕಕ್ಕೆ ಎಳೀತಾರಲ್ಲ, ಹಾಗೆ. ಯಾವ ಬೆರಳು ಎಳೀತು, ಅದರ ಹಿಂದೆ ಎಷ್ಟು ಬೆರಳು ಆಸರೆಗೆ ನಿಂತವು? ಇದು ಕಣ್ಣಿಗೆ ಸಿಗೋ ಪಾಠ. ಆ ಐದು ಸೆಕೆಂಡು ಕ್ಯಾಮೆರಾ ಡ್ರೋನ್ ಶಾಟ್‌ಗೆ ಹೋಯ್ತು ಅಂದ್ರೆ ಮೇಷ್ಟ್ರು ಬೋರ್ಡಿಗೆ ಅಡ್ಡ ನಿಂತ ಹಾಗೆ.

ಹಾಗಾದರೆ ಗುರುಕುಲಕ್ಕೆ ಹೋಗಿ ಕಲೀಲಿ ಅಂತೀರಾ? ಮಣ್ಣಿನ ಗೊಂಬೆ ಮುಂದಿಟ್ಟುಕೊಂಡು ಕಲಿತ ಏಕಲವ್ಯನ ಕಥೆ ನಮ್ಮದೇ ತಾನೆ. ಇವತ್ತಿನ ಏಕಲವ್ಯನಿಗೆ ಗೊಂಬೆ ಆರು ಇಂಚಿನ ಮೊಬೈಲ್ ಪರದೆ. ಅವನ ಹೆಬ್ಬೆರಳನ್ನು ಯಾರೂ ಕೇಳ್ತಿಲ್ಲ. ಗುರುವಿನ ಬೆರಳನ್ನು ಮರೆಮಾಡಿದರೆ ಸಾಕು, ಅದೇ ಕೆಲಸ ಆಗಿಹೋಗುತ್ತೆ.

ಇಲ್ಲಿ ಇನ್ನೊಂದು ತಮಾಷೆ ನೋಡಿ. 1971ರ ಚಿತ್ರದ ‘ಒನ್ ಆಫ್ ದೀಸ್ ಡೇಸ್’ ಹಾಡಿನಲ್ಲಿ ಕ್ಯಾಮೆರಾ ಹೆಚ್ಚುಕಮ್ಮಿ ಪೂರ್ತಿ ಡ್ರಮ್ ನುಡಿಸೋ ನಿಕ್ ಮೇಸನ್ ಮೇಲೇ ನಿಂತಿದೆ. ಬೇರೆಯವರನ್ನು ತೆಗೆದ ರೀಲುಗಳು ಕಳೆದುಹೋದವು ಅನ್ನೋದು ಅದಕ್ಕೆ ಹೇಳೋ ಕಾರಣ. ಗತಿಯಿಲ್ಲದೆ ಉಳಿದ ದೃಶ್ಯ ಅದು! ನಡುವೆ ಮೇಸನ್ ಕೈಯಿಂದ ಒಂದು ಕೋಲು ಹಾರಿಹೋಗುತ್ತೆ. ತಾಳ ಬಿಡದೆ ಇನ್ನೊಂದು ಕೋಲು ಎತ್ತಿಕೊಂಡು ಮುಂದುವರಿಸ್ತಾರೆ. ಅರ್ಧ ಶತಮಾನದಿಂದ ಅಭಿಮಾನಿಗಳು ಬೆರಗಾಗಿ ನೋಡ್ತಿರೋದು ಆ ಕೋಲನ್ನು. ಯಾಕೆ ಹೇಳಿ? ಅಲ್ಲಿ ಕೆಲಸ ಕಾಣುತ್ತೆ. ತಪ್ಪೋದು, ಹಿಡಿಯೋದು, ಬೆವರು ಎಲ್ಲಾ ಕಾಣುತ್ತೆ. ಬುದ್ಧಿವಂತ ಎಡಿಟರ್ ಕೈಗೆ ಬೇರೆ ರೀಲು ಸಿಕ್ಕಿದ್ದರೆ ಸರಿಯಾಗಿ ಆ ಕ್ಷಣಕ್ಕೆ ಕತ್ತರಿಸಿ ವೆಸೂವಿಯಸ್ ಬೆಟ್ಟ ತೋರಿಸಿಬಿಡ್ತಿದ್ದರೇನೋ.

ಟಿವಿಯವರ ಪರವಾಗಿಯೂ ಒಂದು ಮಾತು ಹೇಳಬೇಕು, ನ್ಯಾಯ ಅದು. ಎಂಟು ನಿಮಿಷ ಒಂದೇ ಕೈ ತೋರಿಸಿದರೆ ಗಿಟಾರ್ ಬಾರದವರು ಎದ್ದು ಹೋಗ್ತಾರೆ. ಜನರನ್ನು ತೋರಿಸದಿದ್ದರೆ ಅದು ಕಾನ್ಸರ್ಟ್ ಅನ್ನಿಸೋದೇ ಇಲ್ಲ. ಕತ್ತರಿ ಬೇಕು, ಒಪ್ಪೋಣ. ಎಲ್ಲಿ ಹಾಕ್ತೀರಿ ಅನ್ನೋದು ಪ್ರಶ್ನೆ. ಕ್ರಿಕೆಟ್‌ನಲ್ಲಿ ಬೌಲರ್ ಚೆಂಡು ಬಿಡೋ ಹೊತ್ತಿಗೆ ಯಾವ ಡೈರೆಕ್ಟರಾದರೂ ಗ್ಯಾಲರಿ ತೋರಿಸ್ತಾನಾ? ತೋರಿಸಿದರೆ ನೀವು ಬಿಡ್ತೀರಾ? ಗಿಟಾರಿನವನಿಗೆ ಸೋಲೋ ಅಂದ್ರೆ ಆ ಚೆಂಡೇ.

ಈಗ ನಮ್ಮ ಊರಿಗೆ ಬನ್ನಿ. ಬೆಂಗಳೂರನ್ನು ದೇಶದ ರಾಕ್ ರಾಜಧಾನಿ ಅಂತಾರೆ. ಅರಮನೆ ಮೈದಾನಕ್ಕೆ 2002ರಲ್ಲಿ ಪಿಂಕ್ ಫ್ಲಾಯ್ಡ್‌ನ ರೋಜರ್ ವಾಟರ್ಸ್ ಬಂದರು, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ. ಐರನ್ ಮೇಡನ್‌ನವರು ಮರುವರ್ಷದ ವಿಶ್ವ ಪ್ರವಾಸವನ್ನು ‘ಫ್ಲೈಟ್ 666’ ಅಂತ ಸಿನಿಮಾ ಮಾಡಿದರು. ಅದರ ಕಾನ್ಸರ್ಟ್ ಭಾಗದಲ್ಲಿ ಒಂದೊಂದು ಊರಿನದು ಒಂದೊಂದು ಹಾಡು. ಮೊದಲ ಹಾಡು ಮುಂಬೈನದು. ಆ ತಂಡ ಭಾರತದಲ್ಲಿ ಮೊದಲು ನುಡಿಸಿದ್ದು ಬೆಂಗಳೂರಲ್ಲಿ, ಸಿನಿಮಾದಲ್ಲಿ ಉಳಿದಿದ್ದು ಮುಂಬೈ! ನಮ್ಮ ಹುಡುಗರಿಗೆ ಆ ಹೊಟ್ಟೆಯುರಿ ಇನ್ನೂ ಆರಿಲ್ಲ. ಅವರ ಹತ್ತಿರ ಇರೋದು ಬಣ್ಣ ಹೋದ ಟೀ ಶರ್ಟು, ಟಿಕೆಟ್ ಚೂರು, ನೆನಪು. ನೆನಪಿನಿಂದ ಸೋಂಪುರದ ಹುಡುಗ ಏನು ಕಲೀಬೇಕು?

ರಾಕ್ ಬಿಡಿ. ಅದೇ ಅರಮನೆ ಮೈದಾನದಲ್ಲಿ, 2005ರಲ್ಲೇ, ಸಿ. ಅಶ್ವಥ್ ‘ಕನ್ನಡವೇ ಸತ್ಯ’ ನಡೆಸಿದರು. ಭಾವಗೀತೆ ಕೇಳೋಕೆ ಅಷ್ಟೊಂದು ಜನ ಬರ್ತಾರೆ ಅಂತ ಯಾರು ಎಣಿಸಿದ್ದರು? 2009ರ ಡಿಸೆಂಬರ್ 29ರಂದು ಅಶ್ವಥ್ ಹೋದರು. ಅವತ್ತಿನ ವಿಡಿಯೋ ಇವತ್ತಿಗೂ ಮೊಬೈಲಿಂದ ಮೊಬೈಲಿಗೆ ಹೋಗ್ತಿದೆ. ಅಶ್ವಥ್ ಮುಖ ನಮಗೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ, ಇರಲೇಬೇಕು. ಅವರ ಹಿಂದೆ ಕೂತು ತಬಲಾ, ಕೊಳಲು, ಗಿಟಾರ್ ನುಡಿಸಿದವರ ಕೈ ನಮ್ಮಲ್ಲಿ ಎಷ್ಟು ಜನಕ್ಕೆ ನೆನಪಿದೆ? ಕನ್ನಡದ ಹಾಡಿಗೆ ಗಿಟಾರ್ ಹೇಗೆ ಕೂರಿಸಿದರು ಅಂತ ನೋಡಿ ಕಲಿಯೋಕೆ ಮಕ್ಕಳಿಗೆ ಎಷ್ಟು ದೃಶ್ಯ ಉಳಿಸಿದ್ದೀವಿ?

ಗಿಲ್ಮೋರ್ ಪಾಂಪೇಯಲ್ಲಿ ಎರಡೂ ಕಾಲದಲ್ಲಿ ನುಡಿಸಿದ ಕಪ್ಪು ಗಿಟಾರ್ 2019ರಲ್ಲಿ ಹರಾಜಾಯ್ತು. 39 ಲಕ್ಷ 75 ಸಾವಿರ ಡಾಲರ್! ಆ ಹರಾಜಿನ ಹಣ ಹವಾಮಾನ ರಕ್ಷಣೆಗೆ ಹೋರಾಡೋ ಸಂಸ್ಥೆಗೆ ಹೋಯ್ತು, ಒಳ್ಳೇದಾಯ್ತು. ಆ ಗಿಟಾರ್ ಯಾರ ಮನೆಗೆ ಹೋದರೂ ಸೋಂಪುರದ ಹುಡುಗನಿಗೆ ಅದು ಸಿಗಲ್ಲ. ಅವನು ಕೇಳಿದ್ದೂ ಅದನ್ನಲ್ಲ. ಆ ಬೆರಳು ಓಡಾಡಿದ ದಾರಿ ಕೇಳಿದ. ಅದು ಬಿಟ್ಟಿಯಾಗಿ ಕೊಡಬಹುದಾದ ಆಸ್ತಿ.

ಹಾಗಾಗಿ ಇವತ್ತಿನ ನನ್ನ ಬೇಡಿಕೆ ಚಿಕ್ಕದು. ಊರ ಹಬ್ಬಕ್ಕೆ ಆರ್ಕೆಸ್ಟ್ರಾ ಬರುತ್ತೆ, ಲೋಕಲ್ ಕೇಬಲ್‌ನವರು ಬರ್ತಾರೆ, ನೀವೂ ಮೊಬೈಲ್ ಎತ್ತುತ್ತೀರಿ. ಗಾಯಕರ ಮುಖ ಹಿಡೀರಿ, ಕುಣಿಯೋ ಹುಡುಗರನ್ನೂ ಹಿಡೀರಿ. ಆದರೆ ಒಂದು ಹಾಡು, ಒಂದೇ ಒಂದು ಹಾಡು, ಮೊದಲಿಂದ ಕೊನೇತನಕ ವಾದ್ಯದವರ ಕೈ ಮೇಲೆ ಕ್ಯಾಮೆರಾ ನಿಲ್ಲಿಸಿ. ಡೋಲಾಗಲಿ, ನಾದಸ್ವರ ಆಗಲಿ, ಕೀಬೋರ್ಡ್ ಆಗಲಿ. ಅಲುಗಾಡಿಸಬೇಡಿ, ಜೂಮ್ ಆಟ ಬೇಡ. ಬೇಜಾರಾದರೂ ನಿಲ್ಲಿಸಿ. ಅದನ್ನು ಆ ವಾದ್ಯದವರ ಹೆಸರು ಹಾಕಿ ಎತ್ತಿಡಿ.

ಮುಂದೆ ಯಾವತ್ತೋ ಯಾರೋ ಒಬ್ಬ ಹುಡುಗ, ಒಬ್ಬ ಹುಡುಗಿ ನೈಟ್ ಶಿಫ್ಟ್ ಮುಗಿಸಿ ಬಂದು ಅದನ್ನು ಹತ್ತು ಸಲ ಹಿಂದೆ ಮುಂದೆ ಓಡಿಸಿ ನೋಡ್ತಾರೆ. ಅವರಿಗೆ ಅದು ಪಾಠ.