ಹಿತ್ತಲ ಗಿಡದ ಟೊಂಗೆ ಯಾವಾಗ ಕಡಿಸಬೇಕು?
(ಸ್ವಸಹಾಯ ಸಂಘಗಳ ಸದಸ್ಯೆಯರ ಸಭೆಯಲ್ಲಿ ಸಿಸ್ಟರ್ ಒಬ್ಬರು ಆಡಿದ ಮಾತುಗಳು)



ಉಳಿತಾಯ, ಬಡ್ಡಿ, ಕಂತಿನ ಮಾತು ಇವತ್ತು ಸ್ವಲ್ಪ ಬದಿಗಿರಲಿ. ನಿಮ್ಮ ಹಿತ್ತಲದ ಬೇವಿನ ಗಿಡದ ಬಗ್ಗೆ ಮಾತಾಡೋಣ. ಹಿಂದೊಂದು ಬೇಸಿಗೆಯಲ್ಲಿ ಇಳಕಲ್ಲ ಕಡೆ ಒಬ್ಬ ಸದಸ್ಯೆಯ ಮನೆಗೆ ನಾವು ಹೋಗಿದ್ದೆವು. ಕೃತ್ತಿಕಾ ಮಳೆಯ ಗಾಳಿಗೆ ಬೇವಿನ ದೊಡ್ಡ ಟೊಂಗೆ ಮುರಿದು ತಗಡಿನ ಮೇಲೆ ಬಿದ್ದಿತ್ತು. ತಗಡಿನ ಕೆಳಗೆ ಮಗ್ಗ. ಎಳೆಗಳೆಲ್ಲ ಹರಿದು, ಕುಣಿಯಲ್ಲಿ ನೀರು ನಿಂತಿತ್ತು. ದೇವರ ದಯೆ, ಆ ಹೊತ್ತಿಗೆ ಮಗ್ಗದಲ್ಲಿ ಯಾರೂ ಕುಳಿತಿರಲಿಲ್ಲ. ಆದರೆ ಇಪ್ಪತ್ತು ದಿನ ನೇಯ್ಗೆ ನಿಂತು ಎರಡು ಕಂತು ತಪ್ಪಿದವು. "ಹೋದ ವರ್ಷನ ಕಡಸಬೇಕಂದಿದ್ದೆ ಸಿಸ್ಟರ್, ಇವತ್ತು ನಾಳೆ ಅನಕೋತ ಹೋತ್ರಿ" ಅಂದಳು ಆ ತಾಯಿ.

ನಮ್ಮ ಭಾಗದಲ್ಲಿ ಗಾಳಿಯ ಕಾಟ ಮುಂಗಾರಿಗಿಂತ ಮುಂಚೆಯೇ ಶುರು. ಅಶ್ವಿನಿ, ಭರಣಿ, ಕೃತ್ತಿಕಾ ಅಂದರೆ ಏಪ್ರಿಲ್ ನಡುವಿನಿಂದ ಮೇ ಕೊನೆಯ ತನಕ. ಮಳೆ ನಾಲ್ಕು ಹನಿ, ಗಾಳಿ ಮಾತ್ರ ಭಾಳ. ಅಷ್ಟರೊಳಗೆ ಕೆಲಸ ಮುಗಿದಿರಬೇಕು. ಸಂಕ್ರಾಂತಿ ದಾಟಿದ ಮೇಲೆ ಶಿವರಾತ್ರಿ ತನಕ ಬೇವಿಗೆ ಒಳ್ಳೆಯ ಕಾಲ. ಎಲೆ ಉದುರುತ್ತಿರುತ್ತದೆ, ಹೊಸ ಚಿಗುರು ಬಂದಿರುವುದಿಲ್ಲ, ಯಾವ ಟೊಂಗೆ ಒಣಗಿದೆ, ಯಾವುದು ಸೀಳಿದೆ ಎಂದು ಕೆಳಗೆ ನಿಂತೇ ಕಾಣುತ್ತದೆ. ಕಾಗೆಗಳೂ ಇನ್ನೂ ಗೂಡು ಕಟ್ಟಿರುವುದಿಲ್ಲ. ಯುಗಾದಿಯ ಬೇವು-ಬೆಲ್ಲಕ್ಕೆ ಹೂವು ಬೇಕಲ್ಲ ಎಂದು ನೀವು ಕೇಳುತ್ತೀರಿ. ಇಡೀ ಗಿಡ ಬೋಳಿಸಿರಿ ಎಂದು ನಾವೆಲ್ಲಿ ಹೇಳಿದೆವು?

ಹುಣಸೆಗೆ ಕಾಯಿ ಬಡಿದು ಇಳಿಸಿದ ಮೇಲೆ. ಮಾವಿಗೆ ಹಣ್ಣು ಮುಗಿದ ಕೂಡಲೇ. ತಡಮಾಡಿದರೆ ಹೊಸ ಚಿಗುರು ಬಲಿಯುವುದಿಲ್ಲ, ಮುಂದಿನ ವರ್ಷ ಹೂವು ಕಡಿಮೆ. ನುಗ್ಗಿಗೂ ಕಾಯಿ ಮುಗಿದ ಮೇಲೆಯೇ, ಆದರೆ ನುಗ್ಗಿ ಗಿಡ ಮಾತ್ರ ಯಾರೂ ಹತ್ತಬೇಡಿರಿ, ಅದರ ಕಟ್ಟಿಗೆ ಸೌತೆಕಾಯಿ ಮುರಿದ ಹಾಗೆ ಮುರಿಯುತ್ತದೆ. ಒಣಗಿದ, ಜೋತುಬಿದ್ದ ಟೊಂಗೆಗೆ ಯಾವ ತಿಂಗಳೂ ಕಾಯಬೇಕಾಗಿಲ್ಲ. ಮಳೆಗಾಲದಲ್ಲಿ ಬೇವಿನ ತುದಿಗಳು ಒಣಗಿ ಕಂದಾಗುವ ಒಂದು ಬೂಷ್ಟಿನ ರೋಗವಿದೆ. ಅದನ್ನು ನೋಡಿ ಗಿಡ ಸತ್ತೇಹೋಯಿತು ಎಂದು ಬುಡಕ್ಕೆ ಕೊಡಲಿ ಹಾಕಬೇಡಿರಿ, ಸಾಮಾನ್ಯವಾಗಿ ಮತ್ತೆ ಚಿಗುರುತ್ತದೆ.

ದ್ರಾಕ್ಷಿ ತೋಟಕ್ಕೆ ಚಾಟ್ನಿ ಕೆಲಸಕ್ಕೆ ಹೋದವರು ನಿಮ್ಮಲ್ಲಿ ಇದ್ದೀರಿ. ಏಪ್ರಿಲ್ ಚಾಟ್ನಿ, ಅಕ್ಟೋಬರ್ ಚಾಟ್ನಿ, ಎಲ್ಲಿ ಕತ್ತರಿಸಬೇಕು ಎಂದು ನಮಗಿಂತ ಚೆನ್ನಾಗಿ ನಿಮಗೇ ಗೊತ್ತು. ಆದರೆ ದೊಡ್ಡ ಗಿಡ ಬಳ್ಳಿಯಲ್ಲ. ಒಂದೇ ಸಲಕ್ಕೆ ಕಾಲು ಭಾಗಕ್ಕಿಂತ ಹೆಚ್ಚು ಹಸಿರು ತೆಗೆಯಬಾರದು. ನೆತ್ತಿ ಹಾರಿಸಿದರೆ ಸುತ್ತಲೂ ಹುಲುಸಾಗಿ ಹುಟ್ಟುವ ಚಿಗುರು ಗಟ್ಟಿ ಇರುವುದಿಲ್ಲ, ನಾಲ್ಕಾರು ವರ್ಷದಲ್ಲಿ ಅದೇ ಮುರಿದು ಬೀಳುತ್ತದೆ.

ಭಾರವಾದ ಟೊಂಗೆಯನ್ನು ಮೇಲಿನಿಂದ ಒಂದೇ ಏಟಿಗೆ ಕಡಿದರೆ ಅದು ಬೀಳುವಾಗ ಕಾಂಡದ ಸಿಪ್ಪೆಯನ್ನೂ ಸೀಳಿಕೊಂಡು ಹೋಗುತ್ತದೆ. ಕಾಂಡದಿಂದ ಒಂದೂವರೆ ಗೇಣು ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು. ಆಮೇಲೆ ಇನ್ನೂ ನಾಲ್ಕು ಬೆರಳು ಹೊರಗೆ, ಮೇಲಿನಿಂದ. ಭಾರ ಇಳಿದ ಮೇಲೆ ಉಳಿದ ಮೋಟನ್ನು ಬುಡದ ಉಬ್ಬಿನ ಹೊರಗೆ ಗರಗಸದಿಂದ ನಯವಾಗಿ ತೆಗೆಯಬೇಕು. ಆ ಉಬ್ಬಿನಿಂದಲೇ ಗಾಯ ಮುಚ್ಚುವುದು, ಅದನ್ನು ಕೊಯ್ಯಬಾರದು. ಡಾಂಬರು ಬಳಿಯುವುದೂ ಬೇಡ.

ಇನ್ನು ಜೀವದ ಮಾತು. ಆಲಮಟ್ಟಿ ಹಿನ್ನೀರಿಗೆ ಮನೆ ಬಿಟ್ಟು ಬಾಗಲಕೋಟೆ ನವನಗರಕ್ಕೆ ಬಂದವರು ಅಂದು ನೆಟ್ಟ ಸಸಿಗಳು ಇಂದು ವೈರಿಗೆ ತಾಗಿವೆ. ಬಾದಾಮಿಯಲ್ಲಿ ಮಾಳಗಿಗೆ ತಾಗಿದ ಟೊಂಗೆ ಮಂಗ್ಯಾಗಳಿಗೆ ದಾರಿ ಎಂದು ಗಂಡಸರು ಕುಡಗೋಲು ಹಿಡಿದು ಹತ್ತಿಬಿಡುತ್ತಾರೆ. ವೈರಿನ ಹತ್ತಿರದ ಟೊಂಗೆಯನ್ನು ನೀವೂ ಮುಟ್ಟಬೇಡಿರಿ, ನಿಮ್ಮ ಮಗನನ್ನೂ ಹತ್ತಿಸಬೇಡಿರಿ. ಹಸಿ ಟೊಂಗೆಯಲ್ಲಿ ಕರೆಂಟ್ ಹರಿಯುತ್ತದೆ, ಕಬ್ಬಿಣದ ಏಣಿಯಲ್ಲಂತೂ ಕೇಳುವುದೇ ಬೇಡ. ಹೆಸ್ಕಾಂ ಕಚೇರಿಗೆ ಅರ್ಜಿ ಕೊಡಿರಿ, 1912ಕ್ಕೆ ಫೋನ್ ಮಾಡಿರಿ. ಅವರು ಲೈನ್ ಬಂದ್ ಮಾಡಿದ ಮೇಲೆಯೇ ಕೆಲಸ. ಒಬ್ಬಳೇ ಹೋದರೆ "ನಾಳೆ ಬಾ ಅಮ್ಮಾ" ಅನ್ನಬಹುದು, ಸಂಘದ ಠರಾವು ಹಿಡಿದು ಹತ್ತು ಮಂದಿ ಹೋಗಿರಿ.

ಬುಡಸಮೇತ ತೆಗೆಯುವುದಿದ್ದರೆ ಮೊದಲು ಅರಣ್ಯ ಇಲಾಖೆಯಲ್ಲಿ ಕೇಳಿರಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಇದೆ, ಕೆಲವು ಜಾತಿಗಳಿಗಷ್ಟೇ ವಿನಾಯಿತಿ.

"ಕೂಲಿ ಬ್ಯಾಡ್ರಿ ಅಕ್ಕಾರ, ಕಟಗಿ ನಮಗ ಬಿಡ್ರಿ" ಎಂದು ಬರುವವರಿದ್ದಾರೆ. ಅವರಿಗೆ ಬೇಕಾದದ್ದು ದಪ್ಪ ಕಟ್ಟಿಗೆ. ಮುರಿಯುವ ಟೊಂಗೆ ಬಿಟ್ಟು ಗಟ್ಟಿ ಟೊಂಗೆ ಕಡಿದುಕೊಂಡು ಹೋಗುತ್ತಾರೆ. ಹುನಗುಂದದ ಹತ್ತಿರ ಒಂದು ಸಂಘದವರು ಬೇರೆ ದಾರಿ ಹಿಡಿದರು. ಐದು ಮನೆಯ ಗಿಡಗಳನ್ನು ಒಟ್ಟುಗೂಡಿಸಿ, ಹಗ್ಗ-ಗರಗಸ ಇದ್ದ, ಕೆಲಸ ಬಲ್ಲ ಇಬ್ಬರನ್ನು ಒಂದೇ ದಿನಕ್ಕೆ ಕರೆಸಿದರು. ಕೂಲಿ ಸಂಘದ ಸಾಲದಿಂದ. ಸೊಪ್ಪು ಆಡುಗಳಿಗೆ, ಕಟ್ಟಿಗೆ ಒಲೆಗೆ. ಮಕ್ಕಳು ಗಿಡದ ಕೆಳಗೆ ಸುಳಿಯದಂತೆ ಇಬ್ಬರು ಹೆಣ್ಣುಮಕ್ಕಳು ಕಾವಲು ನಿಂತರು.

ಇವತ್ತು ಮನೆಗೆ ಹೋದ ಮೇಲೆ ಹಿತ್ತಲಕ್ಕೆ ಹೋಗಿ ಒಮ್ಮೆ ತಲೆ ಎತ್ತಿ ನೋಡಿರಿ. ತಗಡಿನ ಮೇಲೆ ಯಾವ ಟೊಂಗೆ ಬಾಗಿದೆ, ವೈರಿಗೆ ಯಾವುದು ತಾಗಿದೆ ಎಂದು ಮುಂದಿನ ವಾರದ ಸಭೆಯಲ್ಲಿ ಹೇಳಿರಿ, ನಿಮ್ಮ ಕಾರ್ಯದರ್ಶಿ ವಹಿಯಲ್ಲಿ ಬರೆದುಕೊಳ್ಳಲಿ.